ದೋಣಿ ಕಟ್ಟಿಸುವ ಮುನ್ನ ನೀರಿನ ದಾರಿ ನೋಡಿ

ಮೃಗಶಿರ ಮಳೆ ಹಿಡಿದ ಮೇಲೆ, ಸೂರಿನ ನೀರು ಹಿಡಿಯುವ ದೋಣಿ ಕಟ್ಟುವವರನ್ನು ಹುಡುಕಿಕೊಂಡು ಓಡಾಡುವ ಅಭ್ಯಾಸವನ್ನು ನಮ್ಮ ಮಲೆನಾಡಿನವರು ಇನ್ನಾದರೂ ಬಿಡಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುತ್ತದೆಯೇ? ಹಂಚಿನ ಮನೆಯವರು ಏಪ್ರಿಲ್‌ನಲ್ಲೇ ಸೂರಿನಡಿ ಒಂದು ಸುತ್ತು ಹಾಕಿ. ಗೋಡೆಯ ಬುಡಕ್ಕೆ ಕೆಸರು ಎಷ್ಟೆತ್ತರ ಸಿಡಿದು ಕಲೆಯಾಗಿದೆ, ನೋಡಿ. ಪಕಾಸಿಯ ತುದಿಗೆ ಒಂದು ಮೊಳೆ ಚುಚ್ಚಿ. ಬೆಣ್ಣೆಗೆ ಇಳಿದಂತೆ ಇಳಿದರೆ ಮರ ಕುಂಬಾಗಿದೆ. ಅದಕ್ಕೇ ಹೊಸ ದೋಣಿಯ ಕೊಕ್ಕೆ ಹೊಡೆಸಬೇಡಿ. ಮೊದಲು ಮರ ಸರಿಮಾಡಿಸಿ.

ನೀವು ತಗಡಿನ ದರಕ್ಕೆ ಗಂಟೆಗಟ್ಟಲೆ ಚೌಕಾಶಿ ಮಾಡುತ್ತೀರಿ, ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯೋಚಿಸುವುದಿಲ್ಲ. 1,000 ಚದರ ಅಡಿಯ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರಿಗೂ ಹೆಚ್ಚು ನೀರು. ಆಷಾಢದಲ್ಲಿ ನಮಗೆ ಅಂಥ ದಿನಗಳು ಹೊಸತಲ್ಲ. ಹನಿ ಹನಿ ಗೂಡಿದರೆ ಹಳ್ಳ ಅನ್ನುವುದು ಸುಮ್ಮನೆ ಅಲ್ಲ. ಅಷ್ಟನ್ನೂ ಒಂದೇ ಪೈಪಿನಲ್ಲಿ ತಂದು ಗೋಡೆಯ ಬುಡಕ್ಕೆ ಬಿಟ್ಟರೆ ದೋಣಿ ಇಲ್ಲದಿದ್ದದ್ದೇ ವಾಸಿ. ಸೂರಿನುದ್ದಕ್ಕೂ ಹರಡಿ ಬೀಳುತ್ತಿದ್ದ ನೀರು ಒಂದೇ ಕಡೆ ಧುಮುಕಿ ಗುಳಿ ತೋಡಿ, ತಳಪಾಯದ ಮಣ್ಣು ಸಡಿಲಿಸುತ್ತದೆ. ಪೈಪಿನ ಬಾಯಿಯಡಿ ಚಪ್ಪಡಿ ಕಲ್ಲು ಹಾಕಿಸಿ, ಅಲ್ಲಿಂದ ಚರಂಡಿ ಮಾಡಿ ನೀರನ್ನು ಮನೆಯಿಂದ ಹತ್ತಡಿಯಾದರೂ ದೂರ ಸಾಗಿಸಿ. ಪಕ್ಕದ ಮನೆಯವರ ಅಂಗಳಕ್ಕಂತೂ ತಿರುಗಿಸಬೇಡಿ.

ಕಟ್ಟಿಸುವಾಗ ಎದುರಿಗೇ ನಿಂತಿರಿ. ಹತ್ತು ಅಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು; ಕಣ್ಣಂದಾಜು ಬೇಡ, ಲೆವೆಲ್ ಪೈಪ್ ಹಿಡಿಸಿ. ಎರಡು ಅಡಿಗೊಂದು ಕೊಕ್ಕೆ ಇರಲಿ. ಖರ್ಚು ಉಳಿಸಲು ನಾಲ್ಕು ಅಡಿಗೆ ಒಂದು ಹಾಕಿಸಿದರೆ ನೀರಿನ ಭಾರಕ್ಕೆ ದೋಣಿ ನಡುವೆ ಜೋತುಬೀಳುತ್ತದೆ, ಅಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಹಂಚಿನ ತುದಿ ದೋಣಿಯೊಳಗೆ ಸುಮಾರು ಎರಡು ಇಂಚು ಚಾಚಿರಲಿ. ಕಡಿಮೆಯಾದರೆ ನೀರು ಹಿಂದೆ ಜಾರಿ ಗೋಡೆ ನೆನೆಯುತ್ತದೆ, ತೀರಾ ಹೆಚ್ಚಾದರೆ ರಭಸಕ್ಕೆ ದೋಣಿಯನ್ನೇ ಹಾರಿ ಹೋಗುತ್ತದೆ. ದೋಣಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಾಗಿರಬೇಕು. ಎಷ್ಟೋ ಕೆಲಸಗಾರರು ಇದನ್ನು ಮರೆಯುತ್ತಾರೆ, ನೀವು ಮರೆಯಬೇಡಿ. ಆಗ ದೋಣಿ ತುಂಬಿ ಉಕ್ಕಿದರೂ ನೀರು ಅಂಗಳಕ್ಕೆ ಬೀಳುತ್ತದೆಯೇ ಹೊರತು ಗೋಡೆಗಲ್ಲ. ಕೂಲಿ ಕೊಡುವ ಮುಂಚೆ ಮೇಲಿನ ತುದಿಯಿಂದ ಒಂದು ಕೊಡ ನೀರು ಸುರಿಸಿ, ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ.

ಅಡಿಕೆ ದಬ್ಬೆಯ ದೋಣಿಯ ಕಾಲ ಹೆಚ್ಚುಕಡಿಮೆ ಮುಗಿಯಿತು. ಪಿವಿಸಿ ಬಿಸಿಲಿಗೆ ಗಡುಸಾಗಿ ಬಿರಿಯುತ್ತದೆ. ಜಿಂಕ್ ತಗಡು ಒದ್ದೆ ತರಗೆಲೆಯಡಿ ತುಕ್ಕು ಹಿಡಿಯುತ್ತದೆ. ಯಾವುದನ್ನೇ ಹಾಕಿಸಿ, ಕಸ ತೆಗೆಯದಿದ್ದರೆ ಬಾಳುವುದಿಲ್ಲ. ಮಳೆಗೆ ಮುಂಚೆ ಒಮ್ಮೆ, ನಡುವೆ ಹೊಳವಾದಾಗ ಇನ್ನೊಮ್ಮೆ ಕೈಯಾಡಿಸಿದರೆ ಸಾಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಬಾವಿಗೆ ನೀರು ಬಿಡುವ ಆಸೆಯಿದ್ದರೆ ಮೊದಲ ಕೆಲವು ಮಳೆಯ ನೀರು ಹೊರಗೇ ಹೋಗಲಿ; ಮಾಡಿನ ಧೂಳು, ಹಕ್ಕಿ ಹಿಕ್ಕೆಯೆಲ್ಲ ಅದರಲ್ಲಿರುತ್ತದೆ. ಆಮೇಲೂ ಜಲ್ಲಿ, ಮರಳಿನ ಸೋಸುಗುಂಡಿ ದಾಟಿಸಿಯೇ ಬಿಡಿ. ಇನ್ನು, ಪಾಚಿ ಕಟ್ಟಿದ ಹಂಚಿನ ಮೇಲೆ ಮಳೆಯಲ್ಲಿ ಹತ್ತಬೇಡಿ. ಹೊಳವಿನಲ್ಲಿ ಹತ್ತಿದರೂ ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲಿ.