ತೊಟ್ಟಿಕ್ಕುವ ಹಂಡೆ: ವಾಟರ್ ಹೀಟರ್ ಒತ್ತಡದ ಒಂದು ಪಾಠ

ಊರಿನ ಬಚ್ಚಲುಮನೆಯ ಹಂಡೆ ನಮ್ಮನ್ನು ಯಾವತ್ತೂ ಹೆದರಿಸಿಲ್ಲ. ಬಾಯಿ ತೆರೆದ ಪಾತ್ರೆ, ನೀರು ಕಾದರೆ ಆವಿ ಮೇಲೆ ಹೋಗುತ್ತೆ, ಅಷ್ಟೇ. ಇಲ್ಲಿನ ಹಂಡೆ ಹಾಗಲ್ಲ. ಸ್ಯಾನ್ ಡಿಯೇಗೋದ ಕ್ಲೇರ್‌ಮಾಂಟ್‌ನಲ್ಲಿ ನಾವು ನಾಲ್ವರು ಬಾಡಿಗೆಗಿರುವ ಮನೆಯ ಗ್ಯಾರೇಜಿನಲ್ಲಿ 40 ಗ್ಯಾಲನ್, ಅಂದರೆ ಸುಮಾರು 150 ಲೀಟರಿನ ಗ್ಯಾಸ್ ವಾಟರ್ ಹೀಟರ್ ಇದೆ. ಕಳೆದ ಫಾಲ್ ಕ್ವಾರ್ಟರಿನಲ್ಲಿ ಅದರ ಪಕ್ಕಕ್ಕೆ ಇಳಿಬಿಟ್ಟ ಪೈಪಿನಿಂದ ನೀರು ತೊಟ್ಟಿಕ್ಕೋಕೆ ಶುರುವಾಯ್ತು. ಬಕೆಟ್ ಇಟ್ವಿ. ಮೂರನೇ ದಿನ ನಮ್ಮಲ್ಲೊಬ್ಬ ಅಂಗಡಿಗೆ ಹೋಗಿ ಪೈಪಿನ ತುದಿ ಮುಚ್ಚೋಕೆ ಒಂದು ಕ್ಯಾಪ್ ತಂದ. ಹೆಸರು ಬೇಡ, ಎಂಜಿನಿಯರಿಂಗ್ ಡಿಗ್ರಿ ನಾಲ್ವರಿಗೂ ಇದೆ.

ಆ ಕ್ಯಾಪ್ ಹಾಕಿದ್ದರೆ ಕುಕ್ಕರಿನ ವಿಸಿಲ್ ಮೇಲೆ ಗುಂಡುಕಲ್ಲು ಇಟ್ಟ ಹಾಗಾಗುತ್ತಿತ್ತು. ಪೈಪಿನ ಮೇಲ್ತುದಿಯಲ್ಲಿರೋದು ಸೇಫ್ಟಿ ವಾಲ್ವ್. ಒಳಗಿನ ಒತ್ತಡ 150 ಪಿಎಸ್‌ಐ ಮುಟ್ಟಿದರೆ, ಇಲ್ಲವೇ ನೀರು 210 ಡಿಗ್ರಿ ಫ್ಯಾರನ್‌ಹೀಟ್ (99 ಸೆಲ್ಸಿಯಸ್) ಕಾದರೆ ಅದು ತಾನಾಗಿ ತೆರೆದುಕೊಳ್ಳುತ್ತೆ. ಅದನ್ನು ಮುಚ್ಚಿ, ಮೇಲೆ ಥರ್ಮೋಸ್ಟ್ಯಾಟೂ ಕೆಟ್ಟರೆ, ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾಯ್ತಾ ಹೋಗುತ್ತೆ. ಟ್ಯಾಂಕ್ ಸೀಳಿದ ಕ್ಷಣ ಅದರಲ್ಲೊಂದು ಭಾಗ ಒಮ್ಮೆಲೇ ಆವಿಯಾಗುತ್ತೆ. ಚಾವಣಿ ಹಾರಿಸೋಕೆ ಅಷ್ಟು ಸಾಕು.

ಹಾಗಾದರೆ ವಾಲ್ವ್ ಯಾಕೆ ಸೋರುತ್ತಿತ್ತು? ಊಹೆ ಬಿಟ್ಟು ಅಳೆದು ನೋಡಿದ್ವಿ. ತೋಟದ ನಲ್ಲಿಗೆ ತಿರುಗಿಸುವ ಪ್ರೆಷರ್ ಗೇಜ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಹೆಚ್ಚು ಬೆಲೆಯೇನಿಲ್ಲ. ಕೆಂಪು ಮುಳ್ಳು ಇರೋದನ್ನೇ ಕೊಳ್ಳಿ. ರಾತ್ರಿಯೆಲ್ಲ ಏರಿದ ಗರಿಷ್ಠ ಒತ್ತಡದಲ್ಲಿ ಅದು ನಿಂತುಬಿಟ್ಟಿರುತ್ತೆ. ಸಂಜೆ ನಮ್ಮ ಗೇಜ್ 68 ತೋರಿಸಿತು. ಬೆಳಿಗ್ಗೆ ಕೆಂಪು ಮುಳ್ಳು 150ರಲ್ಲಿತ್ತು.

ನೀರು ಕಾದರೆ ಹಿಗ್ಗುತ್ತೆ. 15 ಡಿಗ್ರಿಯಿಂದ 55ಕ್ಕೆ ಕಾಯುವಾಗ 150 ಲೀಟರು ಸುಮಾರು 2 ಲೀಟರಿನಷ್ಟು ಹೆಚ್ಚಾಗುತ್ತೆ. ಬೀದಿಯ ಪೈಪಿಗೆ ವಾಪಸ್ ಹೋಗೋಣ ಅಂದ್ರೆ ನಡುವೆ ಪ್ರೆಷರ್ ರೆಗ್ಯುಲೇಟರ್ ಕೂತಿದೆ. ಆ 2 ಲೀಟರಿಗೆ ಜಾಗ ಕೊಡೋಕೇ ಹೀಟರಿನ ಮೇಲೆ ಚಿಕ್ಕದೊಂದು ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಇರುತ್ತೆ: ಒಳಗೆ ರಬ್ಬರ್ ಪರದೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಅದರ ಗಾಳಿ ಪಿನ್ನು ಸೈಕಲ್ ಟ್ಯೂಬಿನದ್ದರ ಹಾಗೇ ಇರುತ್ತೆ. ಒತ್ತಿ ನೋಡಿದ್ವಿ, ಗಾಳಿ ಬದಲು ನೀರು ಬಂತು. ಪರದೆ ಹರಿದಿತ್ತು.

ಲಾಸ್ ಏಂಜಲೀಸ್‌ನ ಗುಡ್ಡದ ಬದಿಯಲ್ಲಿರುವ ಗೆಳೆಯರ ಮನೆಗೂ ಇದೇ ಗೇಜ್ ಒಯ್ದೆವು. ಅಲ್ಲಿ ಸೋರುತ್ತಿದ್ದದ್ದು ಹೀಟರಿನ ತಲೆಯ ಮೇಲಿನ ಹೋಸ್ ಜೋಡಣೆ. ಎರಡು ಸಲ ಬಿಗಿ ಮಾಡಿದ್ದರು, ಎರಡು ಸಲವೂ ಮತ್ತೆ ಸೋರಿತ್ತು. ವಾಷಿಂಗ್ ಮಷೀನ್ ನಿಂತಾಗಲೆಲ್ಲ ಗೋಡೆಯೊಳಗೆ ಪೈಪು ಧಡ್ ಅನ್ನುತ್ತಿತ್ತಂತೆ. ಗೇಜ್ ಹಾಕಿದರೆ ಹಗಲು ಹೊತ್ತಲ್ಲೇ 115! ಕ್ಯಾಲಿಫೋರ್ನಿಯಾದ ಪ್ಲಂಬಿಂಗ್ ಕೋಡ್ ಪ್ರಕಾರ 80 ದಾಟಿದರೆ ರೆಗ್ಯುಲೇಟರ್ ಇರಲೇಬೇಕು. ಇವರ ಮನೇಲಿ ಇತ್ತು, ಕೆಟ್ಟಿತ್ತು. ನೀರಿನ ಟ್ಯಾಂಕು ಎತ್ತರದಲ್ಲಿದ್ದು ಮನೆ ತಗ್ಗಿನಲ್ಲಿದ್ದರೆ ಪ್ರತಿ 100 ಅಡಿಗೆ 43 ಪಿಎಸ್‌ಐ ಸೇರುತ್ತೆ. ಹಾಗಾಗಿ ಪಕ್ಕದ ಬೀದಿಯವರ ಲೆಕ್ಕ ನಿಮ್ಮ ಮನೆಗೆ ಬರೋದಿಲ್ಲ.

ಗೇಜ್ ಎರಡೂ ಹೊತ್ತು ಸರಿಯಾಗಿದ್ದೂ ವಾಲ್ವ್ ತೊಟ್ಟಿಕ್ಕಿದರೆ, ನೀರು ತೀರಾ ಬಿಸಿಯಾಗದೆ ಇದ್ದರೆ, ವಾಲ್ವೇ ಸವೆದಿರಬಹುದು. ನಮ್ಮ ಗಡಸು ನೀರಿನ ಸುಣ್ಣ ಅದರ ಬಾಯಲ್ಲಿ ಕೂರುತ್ತೆ. ಸೋರಿಕೆ ಎಲ್ಲಿಂದ ಅಂತ ತಿಳಿಯೋಕೆ ಎಲ್ಲ ಒರೆಸಿ, ಟಿಶ್ಯೂ ಪೇಪರನ್ನು ಮೇಲಿಂದ ಕೆಳಕ್ಕೆ ಒಂದೊಂದೇ ಜೋಡಣೆಗೆ ಒತ್ತಿ. ಮೇಲೆಲ್ಲ ಒಣಗಿದ್ದು ಟ್ಯಾಂಕಿನ ತಳದಿಂದಲೇ ನೀರು ಜಿನುಗುತ್ತಿದ್ದರೆ ಒಳಗೆ ತುಕ್ಕು ತಿಂದಿದೆ, ರಿಪೇರಿ ಇಲ್ಲ, ಹೊಸದೇ ಆಗಬೇಕು. ಜೋರಾಗಿ ಸೋರಿದರೆ ಗ್ಯಾಸ್ ನಾಬ್ ಆಫ್ ಮಾಡಿ, ತಣ್ಣೀರಿನ ವಾಲ್ವ್ ಮುಚ್ಚಿ. ಕರೆಂಟ್ ಹೀಟರಾದರೆ ಬ್ರೇಕರ್ ಇಳಿಸಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಇದ್ಯಾವುದೂ ಬೇಡ: ಸ್ವಿಚ್ ಮುಟ್ಟದೆ ಹೊರಗೆ ಹೋಗಿ, ದೂರದಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ಲಾಸ್ ಏಂಜಲೀಸ್‌ನಲ್ಲಿ ಸೋಕ್ಯಾಲ್‌ಗ್ಯಾಸ್, ಇಲ್ಲಿ ಎಸ್‌ಡಿಜಿಅಂಡ್‌ಇ.

ಗ್ಯಾರೇಜಿಗೆ ಹೋದಾಗ ಹೀಟರನ್ನು ಗೋಡೆಗೆ ಕಟ್ಟಿದ ಎರಡು ಪಟ್ಟಿಗಳನ್ನೂ ನೋಡಿ. ಭೂಕಂಪದ ನಾಡು, ಮೇಲೊಂದು ಕೆಳಗೊಂದು ಪಟ್ಟಿ ಇಲ್ಲಿ ಕಡ್ಡಾಯ.

ಬಿಸಿನೀರು, ಪ್ಲಂಬಿಂಗ್ ಸರಿಯಾಗಿಡೋದು ಇಲ್ಲಿನ ಕಾನೂನಿನಂತೆ ಓನರ್ ಜವಾಬ್ದಾರಿ. ನಾವು ಡೆಪಾಸಿಟ್ ಹೋಗುತ್ತೇನೋ ಅಂತ ಹೆದರಿ ಒಂದು ವಾರ ಬಾಯಿ ಮುಚ್ಚಿಕೊಂಡಿದ್ವಿ, ಅದೇ ತಪ್ಪು. ಕೊನೆಗೆ ಸಂಜೆಯ 68, ಬೆಳಗಿನ 150, ಎರಡೂ ಫೋಟೋ ಹಾಕಿ ಈಮೇಲ್ ಕಳಿಸಿದ್ವಿ. ಎರಡು ದಿನದಲ್ಲಿ ಪ್ಲಂಬರ್ ಬಂದು ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಬದಲಾಯಿಸಿದರು. ಮಾರನೇ ಬೆಳಿಗ್ಗೆ ಕೆಂಪು ಮುಳ್ಳು 74ರಲ್ಲಿತ್ತು.