ಹಳೆಯ ಡೀಸೆಲ್ ಕಾರಿನ ಗ್ಲೋ ಪ್ಲಗ್

ಮಡಿಕೇರಿಯಂಥ ಊರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಹಳೆಯ ಡೀಸೆಲ್ ಕಾರನ್ನು ಸ್ಟಾರ್ಟ್ ಮಾಡಿದವರಿಗೆ ಇದು ಗೊತ್ತು: ಎಂಜಿನ್ ಬಹಳ ಹೊತ್ತು ತಿರುಗಿ, ಕೊನೆಗೆ ನಡುಗುತ್ತಾ ಬಿಳಿ ಹೊಗೆ ಬಿಡುತ್ತದೆ. ಬ್ಯಾಟರಿ ಸರಿಯಿದ್ದರೆ ಮೊದಲು ಗ್ಲೋ ಪ್ಲಗ್ ನೋಡಬೇಕು.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪ್ರಥಮ ಪಿಯುಸಿಯಲ್ಲಿ ಓದಿದ ಅಡಿಯಾಬ್ಯಾಟಿಕ್ ಸಂಕೋಚನ ನೆನಪಿಸಿಕೊಳ್ಳಿ. ಆದರೆ ತಣ್ಣಗಿನ ಲೋಹ ಆ ಬಿಸಿಯನ್ನು ಹೀರಿಬಿಡುತ್ತದೆ. ಆ ಕೊರತೆ ತುಂಬಲು ಪ್ರತಿ ಸಿಲಿಂಡರಿಗೆ ಒಂದೊಂದು ಗ್ಲೋ ಪ್ಲಗ್ ಇದೆ. ಅದರ ತುದಿ 800 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಹೊಸದು ಕೊಳ್ಳುವ ಮೊದಲು ಅಳೆಯಿರಿ. ನಾಲ್ಕೂ ಪ್ಲಗ್‌ಗಳು ಸಮಾಂತರ ಜೋಡಣೆಯಲ್ಲಿರುವುದರಿಂದ, ಅವನ್ನು ಕೂಡಿಸುವ ಪಟ್ಟಿ ಬಿಚ್ಚದೆ ಅಳೆದರೆ ಕೆಟ್ಟದ್ದು ಒಳ್ಳೆಯದರ ಮರೆಯಲ್ಲಿ ಅಡಗುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ತಲೆಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ. 12 ವೋಲ್ಟಿನ ಪ್ಲಗ್ಗಿನ ರೋಧ ಸಾಮಾನ್ಯವಾಗಿ 1 ಓಮ್ ಆಸುಪಾಸು. ಅನಂತ ತೋರಿಸಿದರೆ ಒಳಗಿನ ಸುರುಳಿ ಕಡಿದಿದೆ. 1 ಓಮ್ ಎಂದರೆ 12 ಆಂಪಿಯರ್, ನಾಲ್ಕಕ್ಕೆ 48! ಇಷ್ಟು ವಿದ್ಯುತ್ತನ್ನು ಕೀಲಿ ತಾಳದು, ಅದಕ್ಕೇ ರಿಲೇ.

ನಿಜವಾದ ಅಪಾಯ ಇರುವುದು ಹಾಕುವಾಗಲ್ಲ, ತೆಗೆಯುವಾಗ. ವರ್ಷಗಟ್ಟಲೆ ಮಸಿ ಕಟ್ಟಿದ ಪ್ಲಗ್ ಮುರಿದರೆ ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕಾಗಬಹುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಎಂಜಿನ್ ಬೆಚ್ಚಗಿರುವಾಗ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿಸಿ, ಮತ್ತೆ ಸಡಿಲಿಸಿ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಹೊಸದನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ; ಕೈಪಿಡಿ ಹೇಳುವಷ್ಟೇ ಬಿಗಿಸಿ. ಆಮೇಲೂ ಬೆಳಿಗ್ಗೆ ತಕರಾರು ಮಾಡಿದರೆ ರಿಲೇ ಪರೀಕ್ಷಿಸಿ.