ನೋಟಿಸ್ ಬಂದ ದಿನವೇ ಕೌನ್ಸಿಲ್ ಬಾಗಿಲು ತಟ್ಟಿ

ಪ್ರಶ್ನೆ: ಮಗಳು, ಅಳಿಯ ಕೆಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ. ಮನೆ ಮಾರುತ್ತೇನೆ, ಖಾಲಿ ಮಾಡಿ ಎಂದು ಮಾಲೀಕರು ನೋಟಿಸ್ ಕೊಟ್ಟಿದ್ದಾರೆ. ಅಳಿಯನಿಗೆ ಈಗ ಕೆಲಸವಿಲ್ಲ. ಮನೆ ಇಲ್ಲದವರಿಗೆ ಅಲ್ಲಿಯ ಕೌನ್ಸಿಲ್ ಮನೆ ಕೊಡುತ್ತದಂತೆ, ನಿಜವೇ? ನಮ್ಮವರಿಗೂ ಸಿಗುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೆರವು ಕೊಡಬೇಕೆಂಬ ಕಾನೂನು ಇರುವುದು ನಿಜ. ಆದರೆ ಅರ್ಜಿ ಹಾಕಿದ ಕೂಡಲೇ ಮನೆಯ ಬೀಗದ ಕೈ ಕೊಡುತ್ತಾರೆ ಎಂದುಕೊಳ್ಳಬೇಡಿ. ನಮ್ಮವರಿಗೆ ಎಷ್ಟು ಸಿಗುತ್ತದೆ ಎಂಬುದು ಅವರ ವೀಸಾವನ್ನು ಅವಲಂಬಿಸಿದೆ.

ಕೌನ್ಸಿಲ್ ಎಂದರೆ ಅಲ್ಲಿಯ ಸ್ಥಳೀಯ ಆಡಳಿತ. ಮನೆ ಕಳೆದುಕೊಂಡವರ ಹೊಣೆಯನ್ನು ಕೌನ್ಸಿಲ್‌ಗಳಿಗೆ ವಹಿಸುವ ಕಾಯ್ದೆ 1977ರಲ್ಲೇ ಬಂತು. ಈಗ ಇಂಗ್ಲೆಂಡಿನಲ್ಲಿ ನಡೆಯುತ್ತಿರುವುದು 1996ರ ವಸತಿ ಕಾಯ್ದೆ. ಅದನ್ನು ಬಲಪಡಿಸಿದ 2017ರ ಕಾಯ್ದೆ 2018ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಇನ್ನು 56 ದಿನಗಳೊಳಗೆ ಮನೆ ತಪ್ಪುವ ಸಂಭವವಿದ್ದರೆ ಸಾಕು, ಅರ್ಹರಾದವರ ಪರವಾಗಿ ಕೌನ್ಸಿಲ್ ಕೆಲಸ ಶುರು ಮಾಡಬೇಕು. ಮಾಲೀಕರೊಡನೆ ಮಾತಾಡಬಹುದು, ಬೇರೆ ಬಾಡಿಗೆ ಮನೆ ಹುಡುಕಲು ಅಥವಾ ಮುಂಗಡ ಹೊಂದಿಸಲು ಸಹಾಯ ಮಾಡಬಹುದು. ಯಾರು ಏನು ಮಾಡಬೇಕೆಂಬುದನ್ನು ಬರೆದು ಕೊಡಬೇಕು. ಅಷ್ಟಾದರೂ ಮನೆ ಕೈತಪ್ಪಿದರೆ, ಹೊಸ ನೆಲೆ ಹುಡುಕಲು ಸಾಮಾನ್ಯವಾಗಿ ಮತ್ತೆ 56 ದಿನಗಳ ನೆರವು ಇರುತ್ತದೆ.

ಆ ನಡುವೆ ಮಲಗುವುದು ಎಲ್ಲಿ? ಮಕ್ಕಳಿರುವ ಕುಟುಂಬ, ಗರ್ಭಿಣಿ, ಮನೆಯೊಳಗಿನ ಹಿಂಸೆಯಿಂದ ಹೊರಬಂದವರು, ಬೆಂಕಿ ಅಥವಾ ಪ್ರವಾಹದಿಂದ ಮನೆ ಕಳೆದುಕೊಂಡವರು ಮೊದಲಾದವರಿಗೆ ಆದ್ಯತೆಯಿದೆ. ಇಂಥ ಅರ್ಹರಿಗೆ ತಾತ್ಕಾಲಿಕ ವಸತಿ ಕೊಡಲೇಬೇಕು. ಅದು ಹೋಟೆಲಿನ ಒಂದು ಕೋಣೆಯೂ ಆಗಿರಬಹುದು. ಮಕ್ಕಳಿರುವ ಕುಟುಂಬವನ್ನು ಅಡುಗೆಮನೆ, ಸ್ನಾನಗೃಹ ಹಂಚಿಕೊಳ್ಳುವ ಅಂಥ ವಸತಿಯಲ್ಲಿ ಆರು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ.

ನಿಮ್ಮ ಮಗಳಿಗೆ ಮುಖ್ಯವಾಗಿ ಹೇಳಬೇಕಾದ ಮಾತು ಇದು: ನೋಟಿಸಿನ ಗಡುವು ಮುಗಿಯಿತೆಂದು ಹೆದರಿ ಮನೆ ಬಿಡಬಾರದು. ಸಾಮಾನ್ಯ ಬಾಡಿಗೆದಾರರನ್ನು ಹೊರಹಾಕಲು ಮಾಲೀಕರು ಕೋರ್ಟಿನ ಆದೇಶ ತರಬೇಕು. ಆಮೇಲೂ ಬಿಡಿಸಲು ಬರಬೇಕಾದವರು ಅಲ್ಲಿ ಬೇಲಿಫ್ ಎನ್ನುವ ಕೋರ್ಟಿನ ಅಮೀನರು. ಬೀಗ ಬದಲಿಸಿ ಬಾಡಿಗೆದಾರರನ್ನು ಹೊರಗೆ ನಿಲ್ಲಿಸುವುದು ಅಪರಾಧ. ಮೊದಲೇ ಹೊರಟುಬಿಟ್ಟರೆ, ಬೇಕೆಂದೇ ಮನೆ ಕಳೆದುಕೊಂಡಿರಿ ಎಂದು ಕೌನ್ಸಿಲ್ ತೀರ್ಮಾನಿಸುವ ಅಪಾಯವಿದೆ. ಮಾಲೀಕರದೇ ಮನೆಯಲ್ಲಿ ಅವರ ಜೊತೆ ಒಂದು ಕೋಣೆ ಹಿಡಿದಿರುವವರಿಗೆ, ಅದರಲ್ಲೂ ನಮ್ಮ ವಿದ್ಯಾರ್ಥಿಗಳಿಗೆ, ಇಷ್ಟು ರಕ್ಷಣೆ ಇಲ್ಲ. ಅವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಂತೆ, 2026ರ ಮೇ 1ರಿಂದ ಖಾಸಗಿ ಮಾಲೀಕರು ಕಾರಣ ಹೇಳದೆ ಖಾಲಿ ಮಾಡಿಸುವಂತಿಲ್ಲ. ಮನೆ ಮಾರುವುದಾದರೆ ನಾಲ್ಕು ತಿಂಗಳ ನೋಟಿಸ್ ಕೊಡಬೇಕು.

ಇನ್ನು ವೀಸಾ ವಿಚಾರ. ಬ್ರಿಟಿಷ್ ಪೌರತ್ವ ಪಡೆದು ಅಲ್ಲೇ ನೆಲೆಸಿದವರಿಗೆ, ಕಾಯಂ ವಾಸದ ಅನುಮತಿ ಇರುವವರಿಗೆ ಸಾಮಾನ್ಯವಾಗಿ ಈ ನೆರವು ಸಿಗುತ್ತದೆ. ಉದ್ಯೋಗ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸರ್ಕಾರಿ ನೆರವು ಪಡೆಯಬಾರದೆಂಬ ಷರತ್ತು ಇರುತ್ತದೆ. ಕೌನ್ಸಿಲ್ ಕೊಡುವ ವಸತಿಯೂ ಆ ಷರತ್ತಿನೊಳಗೆ ಬರುತ್ತದೆ. ತಿಳಿಯದೆ ಪಡೆದರೆ ವೀಸಾಕ್ಕೇ ತೊಂದರೆಯಾದೀತು. ಹಾಗಾಗಿ ಅಂಥವರು ಅರ್ಜಿ ಹಾಕುವ ಮೊದಲು ವಲಸೆ ಕಾನೂನು ಬಲ್ಲ ಸಲಹೆಗಾರರನ್ನು ಕಾಣಬೇಕು. ಆದರೆ ಅವರಿಗೂ ಎಲ್ಲ ಬಾಗಿಲು ಮುಚ್ಚಿಲ್ಲ. ಕೌನ್ಸಿಲ್‌ನ ವಸತಿ ಸಲಹೆ ಆ ಪ್ರದೇಶದ ಎಲ್ಲರಿಗೂ ಉಚಿತ. ಮಗು ಬೀದಿಗೆ ಬೀಳುವ ಸ್ಥಿತಿ ಬಂದರೆ 1989ರ ಮಕ್ಕಳ ಕಾಯ್ದೆಯ 17ನೇ ಕಲಮಿನಡಿ ಕೌನ್ಸಿಲ್‌ನ ಸಮಾಜ ಕಲ್ಯಾಣ ವಿಭಾಗ ಆ ಕುಟುಂಬಕ್ಕೆ ಆಸರೆ ಕೊಡಬಹುದು.

ಕೌನ್ಸಿಲ್‌ಗೆ ಹೋಗುವಾಗ ನೋಟಿಸ್, ಬಾಡಿಗೆ ಕರಾರು, ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ, ಕಾಯಿಲೆಯಿದ್ದರೆ ವೈದ್ಯರ ಪತ್ರ ಜೊತೆಗಿರಲಿ. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ, ತೀರ್ಮಾನವನ್ನು ಬರೆದು ಕೊಡಿ ಎಂದು ಕೇಳಲಿ. ಅದು ಸರಿಯೆನಿಸದಿದ್ದರೆ 21 ದಿನಗಳೊಳಗೆ ಮರುಪರಿಶೀಲನೆ ಕೋರಬಹುದು. 1966ರಲ್ಲಿ ಶುರುವಾದ ಶೆಲ್ಟರ್ ಎಂಬ ಸಂಸ್ಥೆ ಇಂಥವರಿಗೆ ಉಚಿತ ಸಲಹೆ ಕೊಡುತ್ತದೆ.

ಊರಲ್ಲಿ ಅಪ್ಪ ಅಮ್ಮ ನೊಂದುಕೊಳ್ಳುತ್ತಾರೆ, ನಾಲ್ಕು ಜನಕ್ಕೆ ತಿಳಿದರೆ ಮರ್ಯಾದೆ ಹೋಗುತ್ತದೆ ಎಂದು ಮಕ್ಕಳು ಕಷ್ಟ ಮುಚ್ಚಿಟ್ಟು ದಿನ ಕಳೆಯುತ್ತಾರೆ. ನಿಮ್ಮ ಮಗಳು ನಿಮಗೆ ಹೇಳಿಕೊಂಡದ್ದು ಒಳ್ಳೆಯದಾಯಿತು. ಕಾನೂನು ಕೊಟ್ಟ ನೆರವನ್ನು ಕೇಳುವುದರಲ್ಲಿ ಅವಮಾನವಿಲ್ಲ. ಇವತ್ತೇ ಫೋನ್ ಮಾಡಿ, ಮೊದಲು ವೀಸಾದ ಷರತ್ತು ನೋಡಿಕೊಂಡು, ಸಾಮಾನು ಕಟ್ಟುವ ಮುಂಚೆಯೇ ಕೌನ್ಸಿಲ್‌ಗೆ ಹೋಗಲು ಹೇಳಿ.